ಹಳೇ ಫಾಂಟಿನ ಫೈಲುಗಳನ್ನು ಯೂನಿಕೋಡ್‌ಗೆ ತಂದ ಕಥೆ

ಗದಗಿನಲ್ಲಿ ಡಿಟಿಪಿ ಅಂಗಡಿ ನಡೆಸುತ್ತೇನೆ, ಅಂದರೆ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಪುಟ ಕಟ್ಟಿಕೊಡುವ ಕೆಲಸ. ಪ್ರೆಸ್ಸುಗಳ ಊರು ಇದು, ಕೆಲಸಕ್ಕೇನೂ ಬರ ಇಲ್ಲ. ಶಾಲೆಯ ಗೈಡುಗಳು, ಕವನ ಸಂಕಲನ, ಸೊಸೈಟಿಯ ವಾರ್ಷಿಕ ವರದಿ, ಜಾತ್ರೆಯ ಕರಪತ್ರ, ಲಗ್ನಪತ್ರಿಕೆ ಎಲ್ಲಾ ಬರುತ್ತವೆ. ಹಿಂದೆ ಮಾಡಿಟ್ಟಿದ್ದ ಪುಸ್ತಕಗಳ ಫೈಲುಗಳನ್ನು ಈಚೆಗೆ ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರು, ಫೋನುಗಳಿಗೂ ಗೊತ್ತಾಗುವ ಒಂದೇ ಥರದ ಅಕ್ಷರ ಸಂಕೇತಕ್ಕೆ, ಬದಲಾಯಿಸಿದೆವು. ಹೇಗೆ ಮಾಡಿದ್ರಿ, ಎಲ್ಲಿ ಸಿಕ್ಕಿಹಾಕಿಕೊಂಡ್ರಿ, ಗಿರಾಕಿಗಳು ಓಡಿಹೋಗಲಿಲ್ವಾ ಅಂತ ಇದೇ ಕಸುಬಿನವರು ಕೇಳುತ್ತಲೇ ಇರುತ್ತಾರೆ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವುದಕ್ಕಿಂತ ಬರೆದುಬಿಡುವುದೇ ಸುಲಭ ಅನ್ನಿಸಿತು.

ನಾವು ಬಹಳ ವರ್ಷ ಬಳಸಿದ್ದು ಒಂದು ಕಂಪನಿಯ ಕನ್ನಡ ಪ್ಯಾಕೇಜ್, ಅಂದರೆ ಕನ್ನಡ ಟೈಪ್ ಮಾಡುವ ಸಾಫ್ಟ್‌ವೇರ್. ಹೆಸರು ಬೇಡ. ಅದು ನಡೆಯಬೇಕಾದರೆ ಕಂಪ್ಯೂಟರಿನ ಹಿಂದೆ ಹೆಬ್ಬೆರಳಿನಷ್ಟು ದೊಡ್ಡ ಒಂದು ಲಾಕ್ ಚುಚ್ಚಿರಬೇಕು. ಡಾಂಗಲ್ ಅಂತಾರಲ್ಲ, ಅದೇ. ಒಂದು ಲಾಕ್‌ಗೆ ಒಂದೇ ಕಂಪ್ಯೂಟರ್. ಇನ್ನೊಬ್ಬ ಆಪರೇಟರ್ ಬಂದರೆ ಇನ್ನೊಂದು ಲಾಕ್ ಕೊಳ್ಳಬೇಕು. ನಮ್ಮದು ಹಳೇ ಪ್ರಿಂಟರ್ ಪೋರ್ಟಿಗೆ ಹಾಕುವ ಲಾಕ್. ಹೊಸ ಕಂಪ್ಯೂಟರುಗಳಲ್ಲಿ ಆ ಪೋರ್ಟೇ ಇರುವುದಿಲ್ಲ. ಹಾಗಾಗಿ ಅಂಗಡಿಯ ಮೂಲೆಯಲ್ಲಿ ಒಂದು ವಿಂಡೋಸ್ ಎಕ್ಸ್‌ಪಿ ಮಷೀನನ್ನು ಅದೊಂದಕ್ಕೋಸ್ಕರವೇ ಇಟ್ಟುಕೊಂಡಿದ್ದೆ. ಇಂಟರ್ನೆಟ್ ಇಲ್ಲ, ಬೇರೆ ಕೆಲಸಕ್ಕೆ ಅದನ್ನು ಯಾರೂ ಮುಟ್ಟುವಂತಿಲ್ಲ.

ಆ ಲಾಕ್ ಸಡಿಲಾಯಿತು. ಸ್ವಲ್ಪ ಅಲುಗಾಡಿಸಿದರೆ ಕೆಲಸ ಮಾಡುತ್ತಿತ್ತು, ಇಲ್ಲದಿದ್ದರೆ ಪ್ಯಾಕೇಜ್ ತೆರೆಯುತ್ತಲೇ ಇರಲಿಲ್ಲ. ಕಂಪನಿಗೆ ಫೋನ್ ಮಾಡಿದೆ. ಆ ವರ್ಶನ್‌ಗೆ ಈಗ ಲಾಕ್ ಕೊಡುವುದಿಲ್ಲ, ಹೊಸ ಪ್ಯಾಕೇಜನ್ನೇ ತಗೊಳ್ಳಿ ಅಂದರು. ತಗೊಳ್ಳಬಹುದಿತ್ತು, ದುಡ್ಡಿನ ಪ್ರಶ್ನೆ ಅಷ್ಟೇ. ಆದರೆ ಅದೇ ಹೊತ್ತಿಗೆ ನಮ್ಮ ಹಳೇ ಪ್ರಕಾಶಕರೊಬ್ಬರು ಬಂದು, "ಎಲ್ಲಾ ಪುಸ್ತಕ ಇ-ಬುಕ್ ಮಾಡೂಣ್ರಿ, ಫೈಲ್ ಅಷ್ಟು ಕೊಟ್ಬಿಡ್ರಿ" ಅಂದರು. ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಟ್ಟೆ. ಬೆಂಗಳೂರಿನಲ್ಲಿ ಇ-ಬುಕ್ ಮಾಡುವ ಹುಡುಗನಿಂದ ಮರುದಿನವೇ ಫೋನು. "ಸರ್, ಈ ಫೈಲ್‌ಗಳಲ್ಲಿ ಕನ್ನಡಾನೇ ಇಲ್ವಲ್ಲ!"

ಅವನು ಹೇಳಿದ್ದು ಅಕ್ಷರಶಃ ನಿಜ. ಈ ವಿಷಯ ನಮ್ಮ ಕಸುಬಿನಲ್ಲಿ ಇರುವವರಲ್ಲೂ ಎಷ್ಟೋ ಜನಕ್ಕೆ ಪೂರ್ತಿ ಗೊತ್ತಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹಳೇ ಫಾಂಟುಗಳೆಲ್ಲ ಇಂಗ್ಲಿಷಿಗೆ ಅಂತ ಮಾಡಿದ 256 ಮನೆಗಳ ಪಟ್ಟಿಯೊಳಗೆ ಕನ್ನಡವನ್ನು ತುರುಕಿದವು. ಕಾಗುಣಿತ, ಒತ್ತು ಎಲ್ಲ ಸೇರಿದರೆ ಕನ್ನಡಕ್ಕೆ ಅಷ್ಟು ಮನೆ ಎಲ್ಲಿ ಸಾಲುತ್ತದೆ? ಅದಕ್ಕೆ ಅಕ್ಷರಗಳನ್ನು ತುಂಡು ತುಂಡು ಮಾಡಿದರು. ತಲೆಕಟ್ಟು ಒಂದು ತುಂಡು, ಕೊಂಬು ಒಂದು ತುಂಡು, ಪ್ರತಿ ಒತ್ತೂ ಒಂದು ತುಂಡು. ಆ ತುಂಡುಗಳನ್ನು ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ಕನ್ನಡ ಕಾಣುತ್ತದೆ. ಫೈಲಿನೊಳಗೆ ಇರುವುದು ಮಾತ್ರ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ನುಡಿ ಅನ್ನುವ ಕನ್ನಡ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ 'ಕನ್ನಡ' ಅಂತ ಟೈಪ್ ಮಾಡಿ ಫಾಂಟ್ ತೆಗೆದುಬಿಟ್ಟರೆ ಉಳಿಯುವುದು ಏನು ಗೊತ್ತಾ? ದೊಡ್ಡ ಪಿ, ತಲೆಯ ಮೇಲೆ ಗೀಟು ಇರುವ ಎ, ಬ್ರಿಟನ್ನಿನ ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಚಿಕ್ಕ ಕ್ಯೂ, ಮತ್ತೊಮ್ಮೆ ಎ. ಇದನ್ನು ಗೂಗಲ್ ಹುಡುಕಲಾರದು, ಫೋನು ತೋರಿಸಲಾರದು, ಇ-ಬುಕ್ ಓದಿಸಲಾರದು.

ಇನ್ನೂ ದೊಡ್ಡ ತೊಂದರೆ ಏನಂದರೆ, ಯಾವ ತುಂಡು ಯಾವ ಮನೆಯಲ್ಲಿ ಅನ್ನುವುದು ಒಂದೊಂದು ಕಂಪನಿಗೆ ಒಂದೊಂದು ಥರ. ಆ ಪಟ್ಟಿಯನ್ನು ಅವರು ಹೊರಗೆ ಬಿಡುತ್ತಿರಲಿಲ್ಲ. ಯಾಕೆ ಬಿಡಬೇಕು? ಅದೇ ಅವರ ವ್ಯಾಪಾರ. ನನ್ನ ಪ್ಯಾಕೇಜಿನಲ್ಲಿ ಮಾಡಿದ ಪುಟವನ್ನು ಎದುರಿನ ಅಂಗಡಿಯ ಪ್ಯಾಕೇಜಿನಲ್ಲಿ ತೆರೆದರೆ ದೆವ್ವದ ಭಾಷೆ ಬರುತ್ತಿತ್ತು. ಪ್ಲಾಸ್ಟಿಕ್ಕಿನ ಲಾಕ್ ಕಣ್ಣಿಗೆ ಕಾಣುತ್ತದೆ, ಅದು ಕೆಟ್ಟರೆ ಬೈಯಬಹುದು. ನಿಜವಾದ ಬೀಗ ಫೈಲಿನೊಳಗೆ ಕೂತಿತ್ತು.

ಇದರಿಂದ ಮಾರುಕಟ್ಟೆಗೆ ಏನಾಗುತ್ತಿತ್ತು ಅಂತ ನಾನೇ ಕೂತು ನೋಡಿದ್ದೇನೆ. ಪ್ರಕಾಶಕ ಒಂದು ಸಲ ಒಂದು ಅಂಗಡಿಯಲ್ಲಿ ಪುಸ್ತಕ ಕಂಪೋಸ್ ಮಾಡಿಸಿದರೆ ಮುಗಿಯಿತು. ಎರಡನೇ ಮುದ್ರಣಕ್ಕೆ ಎರಡು ಸಾಲು ತಿದ್ದಬೇಕಾದರೂ ಅಲ್ಲಿಗೇ ಬರಬೇಕು. ಬೇರೆ ಕಡೆ ಹೋದರೆ ಇಡೀ ಪುಸ್ತಕ ಮತ್ತೆ ಟೈಪ್ ಮಾಡಿಸಬೇಕು, ಮತ್ತೆ ಪ್ರೂಫ್ ನೋಡಿಸಬೇಕು. ಕೆಲಸಕ್ಕೆ ಬರುವ ಹುಡುಗರನ್ನೂ ನಾವು ಮೊದಲು ಕೇಳುತ್ತಿದ್ದದ್ದು ಯಾವ ಪ್ಯಾಕೇಜ್ ಬರುತ್ತೆ ಅಂತ. ಕೀಬೋರ್ಡ್ ಲೇಔಟೂ ಬೇರೆ ಬೇರೆ ಇರುತ್ತಿತ್ತಲ್ಲ, ಒಂದರಲ್ಲಿ ಕೈ ಕೂತವನು ಇನ್ನೊಂದಕ್ಕೆ ಸುಲಭವಾಗಿ ಬರುತ್ತಿರಲಿಲ್ಲ. ಹಾಗಾಗಿ ಎಲ್ಲಿ ಪ್ಯಾಕೇಜ್ ಇದೆಯೋ ಅಲ್ಲೇ ಹುಡುಗ, ಎಲ್ಲಿ ಹುಡುಗನೋ ಅಲ್ಲೇ ಗಿರಾಕಿ. ಇದರಲ್ಲಿ ನಮಗೂ ಪಾಲಿತ್ತು, ಸುಳ್ಳು ಯಾಕೆ ಹೇಳಲಿ. ಎರಡನೇ ಮುದ್ರಣದ ತಿದ್ದುಪಡಿಗೆ ನಾನು ಹೇಳಿದ್ದೇ ರೇಟು. ಕಂಪನಿ ನನ್ನನ್ನು ಹಿಡಿದುಕೊಂಡಿತ್ತು, ನಾನು ಪ್ರಕಾಶಕರನ್ನು ಹಿಡಿದುಕೊಂಡಿದ್ದೆ.

ಈ ಸರಪಳಿಯನ್ನು ಮೊದಲು ಸಡಿಲ ಮಾಡಿದ್ದು ನುಡಿ ಮತ್ತು ಬರಹ ಅನ್ನುವ ಎರಡು ಕನ್ನಡ ಸಾಫ್ಟ್‌ವೇರ್. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂತು. ಆಮೇಲೆ ಸರ್ಕಾರದ ಬೆಂಬಲದಲ್ಲಿ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಕೆ.ಪಿ. ರಾವ್ ಅವರ ಕೀಬೋರ್ಡ್ ವಿನ್ಯಾಸವನ್ನು ಸರ್ಕಾರ ಒಪ್ಪಿಕೊಂಡಿತು. ಬೆರಳು ಒಂದೇ ಥರ ಓಡಾಡತೊಡಗಿದವು. ಪುಕ್ಕಟೆ ಸಿಗುತ್ತಿದ್ದರಿಂದ ಸಣ್ಣ ಅಂಗಡಿಗಳು ಪ್ಯಾಕೇಜ್ ಕೊಳ್ಳುವುದನ್ನೇ ಬಿಟ್ಟವು. ಆದರೆ ಒಂದು ಮಾತು. ನುಡಿಯ ಹಳೇ ಫಾಂಟುಗಳೂ ತುಂಡು ಅಕ್ಷರದವೇ. ಪುಕ್ಕಟೆ ಸಿಕ್ಕಿತು ಅಂದಮಾತ್ರಕ್ಕೆ ಫೈಲು ಬಿಡುಗಡೆ ಆಗಲಿಲ್ಲ. ನಿಜವಾಗಿ ಸಹಾಯ ಆಗಿದ್ದು ಬೇರೆ ಕಾರಣಕ್ಕೆ. ಅದರ ತುಂಡುಗಳ ಪಟ್ಟಿ ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಹಳೇ ಫೈಲನ್ನು ಯೂನಿಕೋಡ್‌ಗೆ ಬದಲಾಯಿಸುವ ಪ್ರೋಗ್ರಾಮ್, ಅಂದರೆ ಕನ್ವರ್ಟರ್, ಯಾರು ಬೇಕಾದರೂ ಬರೆಯಬಹುದಿತ್ತು, ಬರೆದರು. ಇವತ್ತು ನುಡಿ ಅಥವಾ ಬರಹದ ಫೈಲ್ ಇದ್ದರೆ ಅರ್ಧ ಗಂಟೆಯ ಕೆಲಸ. ದುಡ್ಡು ಕೊಟ್ಟು ಕೊಂಡ ಪ್ಯಾಕೇಜಿನ ಫೈಲ್ ಇದ್ದರೆ ತಿಂಗಳುಗಟ್ಟಲೆ ಒದ್ದಾಟ.

ಒದ್ದಾಟ ಹೇಗಿತ್ತು ಅಂದರೆ, ಮೊದಲು ಪೇಜ್‌ಮೇಕರ್, ಪುಸ್ತಕದ ಪುಟ ಕಟ್ಟುವ ಹಳೇ ಸಾಫ್ಟ್‌ವೇರ್. ನಮ್ಮ ಪುಸ್ತಕಗಳೆಲ್ಲ ಅದರಲ್ಲೇ ಇದ್ದವು. ಪೇಜ್‌ಮೇಕರಿನ ಕೊನೆಯ ವರ್ಶನ್ 7.0 ಬಂದದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್ ಗೊತ್ತೇ ಇಲ್ಲ. ಅದರ ಫೈಲುಗಳನ್ನು ಪುಟ ಕಟ್ಟುವ ಇನ್ನೊಂದು ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ ಸಿಎಸ್6 ವರ್ಶನ್‌ವರೆಗೆ ನೇರ ತೆರೆಯಬಹುದು, ಅದರ ನಂತರದ ವರ್ಶನ್‌ಗಳಲ್ಲಿ ಆಗುವುದಿಲ್ಲ. ಹಳೇ ಸಿಎಸ್6 ಇರುವವರು ಅದನ್ನು ದಯವಿಟ್ಟು ಅಳಿಸಬೇಡಿ. ನಾವು ಎಕ್ಸ್‌ಪಿ ಮಷೀನಿನಲ್ಲೇ ಕೂತು ಪ್ರತಿ ಅಧ್ಯಾಯವನ್ನೂ ಆರ್‌ಟಿಎಫ್ ಆಗಿ, ಅಂದರೆ ಫಾಂಟಿನ ಹೆಸರನ್ನೂ ಉಳಿಸಿಕೊಳ್ಳುವ ಫೈಲ್ ಆಗಿ, ಹೊರಗೆ ತೆಗೆದೆವು. ಬರೀ ಟೆಕ್ಸ್ಟ್ ಆಗಿ ತೆಗೆಯಬಾರದು. ಯಾಕೆಂದರೆ ಮಧ್ಯದಲ್ಲಿ ಬರುವ ಇಂಗ್ಲಿಷ್ ಪದ ಯಾವುದು, ಇಂಗ್ಲಿಷ್ ವೇಷದ ಕನ್ನಡ ಯಾವುದು ಅಂತ ಹೇಳುವುದು ಫಾಂಟಿನ ಹೆಸರು ಒಂದೇ. ಅದು ಹೋದರೆ 'ಬ್ಯಾಂಕ್' ಅಂತ ಇಂಗ್ಲಿಷಿನಲ್ಲಿ ಇದ್ದ ಪದವೂ ಕನ್ವರ್ಟರಿನೊಳಗೆ ಹೋಗಿ ಒತ್ತು, ಕೊಂಬುಗಳ ರಾಶಿಯಾಗಿ ಹೊರಗೆ ಬರುತ್ತದೆ.

ಆಮೇಲೆ ಪಟ್ಟಿ. ನನ್ನ ಅಕ್ಕನ ಮಗ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಅವನನ್ನು ಕರೆಸಿದೆ. "ಮಾಮಾ, ಬದಲಾಯಿಸೋಕೆ ಸ್ಕ್ರಿಪ್ಟ್ ಅಂದ್ರ ಸಣ್ಣ ಪ್ರೋಗ್ರಾಮ್ ಬರೀತೀನಿ, ಆದ್ರ ಯಾವ ಕೋಡ್‌ಗೆ ಯಾವ ಅಕ್ಷರ ಅಂತ ಪಟ್ಟಿ ಬೇಕಲ್ಲ" ಅಂದ. ಕಂಪನಿಯವರು ಕೊಡಲಿಲ್ಲ. ನಾವೇ ಮಾಡಿದೆವು. ಪ್ಯಾಕೇಜ್ ತೆರೆದು ಕ-ಕಾ-ಕಿ-ಕೀಯಿಂದ ಹಿಡಿದು ಪೂರ್ತಿ ಕಾಗುಣಿತ ಟೈಪ್ ಮಾಡಿದ್ದು, ಒತ್ತುಗಳನ್ನೆಲ್ಲ ಟೈಪ್ ಮಾಡಿದ್ದು, ವಿಂಡೋಸಿನ ಕ್ಯಾರೆಕ್ಟರ್ ಮ್ಯಾಪ್ ತೆರೆದಿಟ್ಟುಕೊಂಡು ಒಂದೊಂದು ತುಂಡಿನ ನಂಬರನ್ನೂ ಎಕ್ಸೆಲ್‌ನಲ್ಲಿ ಬರೆದುಕೊಂಡಿದ್ದು. ಬೇಸರದ ಕೆಲಸ. ನಮ್ಮ ಆಪರೇಟರ್ ಹುಡುಗಿಯೇ ಹೆಚ್ಚಿನದನ್ನು ಮುಗಿಸಿದಳು. ಅವಳಿಗೆ ಆ ಫಾಂಟು ಕನಸಿನಲ್ಲೂ ಬರುತ್ತಿತ್ತಂತೆ.

ಪಟ್ಟಿ ಆದ ಮೇಲೆ ಬದಲಾಯಿಸಿದರೆ ಆಯಿತಲ್ಲ ಅಂದುಕೊಂಡಿರಾ? ಇಲ್ಲ. ಹಳೇ ಫಾಂಟು ತುಂಡುಗಳನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ ಇಡುತ್ತದೆ. ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ ಇಡುತ್ತದೆ. 'ಸೂರ್ಯ' ತಗೊಳ್ಳಿ. ಹಳೇ ಫಾಂಟಿನಲ್ಲಿ ಮೊದಲು ಯ, ಆಮೇಲೆ ಅರ್ಕಾವೊತ್ತು. ಯೂನಿಕೋಡಿನಲ್ಲಿ ಮೊದಲು ರ, ಆಮೇಲೆ ಯ. ಅಂದರೆ ಪ್ರತಿ ಅರ್ಕಾವೊತ್ತನ್ನೂ ಹುಡುಕಿ, ಅದರ ಹಿಂದಿನ ಅಕ್ಷರವನ್ನು ಒತ್ತು-ಗಿತ್ತು ಸಮೇತ ದಾಟಿಸಿ ಮುಂದಕ್ಕೆ ತರಬೇಕು. 'ಕೊ' ಅನ್ನುವುದು 'ಕೆ' ಮತ್ತು ಇನ್ನೊಂದು ತುಂಡು. ಅದನ್ನು ಕೂಡಿಸಬೇಕು.

ಮಜಾ ಇದ್ದದ್ದು ಮ ಅಕ್ಷರದಲ್ಲಿ. ಜಾಗ ಉಳಿಸಲು ಫಾಂಟ್ ಮಾಡಿದವರು ಮ ಅನ್ನು ಬೇರೆ ಇಟ್ಟೇ ಇಲ್ಲ. ವ ಬರೆದು ಅದಕ್ಕೆ ಕೊಂಬು ಹಚ್ಚಿದರೆ ಮ! ನುಡಿಯಲ್ಲೂ ಹಾಗೇ. ನಿಜವಾದ 'ವು' ಬೇಕಾದಾಗ ಬೇರೆ ಥರದ ಕೊಂಬು ಹಾಕುತ್ತಾರೆ. ಅಕ್ಕನ ಮಗ ಎರಡೂ ಕೊಂಬನ್ನು ಒಂದೇ ಅಂತ ಪಟ್ಟಿಗೆ ಸೇರಿಸಿದ್ದ. ಮೊದಲ ಪುಸ್ತಕವನ್ನು ಪ್ರೂಫ್‌ಗೆ ಕಳಿಸಿದಾಗ, ನಮಗೆ ಪ್ರೂಫ್ ನೋಡಿಕೊಡುವ ರಿಟೈರ್ಡ್ ಮಾಸ್ತರರು ಸಂಜೆಯೇ ಕಟ್ಟು ಹಿಡಿದುಕೊಂಡು ಬಂದರು. "ಏನಪಾ ಇದು, ವುನೆ, ವುಗ, ವುಳೆ, ವುತ್ತು ಅಂತ ಐತಲ್ಲ. ಇಡೀ ಪುಸ್ತಕದಾಗ ಒಂದು ಮ ಇಲ್ಲ. ಯಾವ ಜಿಲ್ಲಾದ ಕನ್ನಡ ಇದು?" ಅಂತರ್ಜಾಲದಲ್ಲಿ ಹಳೇ ಲೇಖನಗಳಲ್ಲಿ 'ವುತ್ತು' ಅಂತ ನೋಡಿದ್ದೀರಲ್ವಾ? ಅಲ್ಲೆಲ್ಲ ಆಗಿರುವುದು ಇದೇ.

ಇನ್ನೂ ಸಣ್ಣಪುಟ್ಟವು ಬಹಳ. ಸೊನ್ನೆ ಬೇರೆ, ಅನುಸ್ವಾರ ಬೇರೆ, ಆದರೆ ನೋಡಲು ಎರಡೂ ದುಂಡಗೆ. ಕೆಲವರು ಟೈಪ್ ಮಾಡುವಾಗ ಒಂದರ ಬದಲು ಇನ್ನೊಂದು ಹಾಕಿರುತ್ತಾರೆ. ಕಾಗದದ ಮೇಲೆ ಗೊತ್ತೇ ಆಗುವುದಿಲ್ಲ. ಯೂನಿಕೋಡಿನಲ್ಲಿ ಹುಡುಕಿದರೆ ಆ ಪದ ಸಿಗುವುದಿಲ್ಲ. ಪೇಜ್‌ಮೇಕರಿನಲ್ಲಿ ಸಾಲು ತುಂಬಿಸಲು ಕೈಯಾರೆ ಹಾಕಿದ ಅಡ್ಡಗೆರೆಗಳೂ ಹಾಗೇ ಉಳಿದುಕೊಂಡು ಈಗ ಸಾಲಿನ ಮಧ್ಯದಲ್ಲಿ 'ಪುಸ್ತ-ಕ' ಅಂತ ನಿಂತಿರುತ್ತವೆ. ಇವನ್ನೆಲ್ಲ ಮಾಸ್ತರರ ಕಣ್ಣೇ ಹಿಡಿಯಬೇಕು, ಸ್ಕ್ರಿಪ್ಟ್ ಹಿಡಿಯುವುದಿಲ್ಲ. ದುಡ್ಡು ಹೆಚ್ಚು ಖರ್ಚಾಗಿದ್ದೂ ಇಲ್ಲೇ. ಓಪನ್ ಸೋರ್ಸ್ (ಯಾರು ಬೇಕಾದರೂ ಬಳಸಿ, ತಿದ್ದಿಕೊಳ್ಳಬಹುದಾದ ಸಾಫ್ಟ್‌ವೇರ್) ಅಂದರೆ ಪುಕ್ಕಟೆ ಅಂತ ಹೇಳುವವರು ಮಾಸ್ತರರ ಬಿಲ್ಲನ್ನು ಒಮ್ಮೆ ನೋಡಬೇಕು.

ಮತ್ತೆ ಪುಟ ಕಟ್ಟಿದ್ದು ಇನ್‌ಡಿಸೈನ್‌ನಲ್ಲಿ. 2012ರ ಸಿಎಸ್6ನಿಂದ ಅದರಲ್ಲಿ ಕನ್ನಡ ಸರಿಯಾಗಿ ಕೂರುತ್ತದೆ. ಆದರೆ ಸುಮ್ನೆ ಪೇಸ್ಟ್ ಮಾಡಿದರೆ ಒತ್ತುಗಳು ಕಿತ್ತುಕೊಂಡು ಬಂದಹಾಗೆ ಕಾಣಬಹುದು. ಪ್ಯಾರಾಗ್ರಾಫ್ ಸ್ಟೈಲಿನ ಜಸ್ಟಿಫಿಕೇಶನ್ ಒಳಗೆ ಹೋಗಿ, ಕನ್ನಡದಂಥ ಲಿಪಿಗಳನ್ನು ಸರಿಯಾಗಿ ಕೂರಿಸುವ ವರ್ಲ್ಡ್-ರೆಡಿ ಕಂಪೋಸರ್ ಆರಿಸಬೇಕು. ಎಷ್ಟೋ ಅಂಗಡಿಗಳು 'ಯೂನಿಕೋಡ್ ಕನ್ನಡ ಪ್ರಿಂಟಿಗೆ ಆಗಲ್ಲ' ಅಂತ ಕೈಬಿಟ್ಟಿರುವುದು ಈ ಒಂದು ಆಯ್ಕೆ ಗೊತ್ತಿಲ್ಲದೆ.

ಈಗ ಫಾಂಟ್. ಇಲ್ಲಿ ನಿಜವಾಗಿಯೂ ಬಾಗಿಲು ತೆರೆದಿದೆ. ಅರವಿಂದ ಅನ್ನುವವರು ಮಾಡಿದ ಗುಬ್ಬಿ, ನವಿಲು ಫಾಂಟುಗಳು ಇವೆ. ನೋಟೋ, ಬಲೂ ತಮ್ಮ, ಅಕಾಯಾ ಕನಡಕ, ಟಿರೋ ಕನ್ನಡ, ಅನೇಕ್ ಕನ್ನಡ ಇವೆ. ಇವುಗಳಲ್ಲಿ ಬಹುತೇಕಕ್ಕೆ ಓಪನ್ ಫಾಂಟ್ ಲೈಸೆನ್ಸ್. ಎಷ್ಟು ಕಂಪ್ಯೂಟರಿಗೆ ಬೇಕಾದರೂ ಹಾಕಿಕೊಳ್ಳಿ, ಪುಸ್ತಕ ಮಾಡಿ ಮಾರಿ, ಬೇಕಾದರೆ ಅಕ್ಷರವನ್ನೇ ತಿದ್ದಿಕೊಳ್ಳಿ. ಫಾಂಟನ್ನೇ ಬರಿದೇ ಮಾರಬಾರದು, ಅಷ್ಟೇ. ಲಾಕ್ ಎಣಿಸುವ ಕೆಲಸ ಇಲ್ಲ.

ಆದರೆ ಎಲ್ಲಾ ಚೆನ್ನಾಗಿಯೇ ಆಯಿತು ಅಂತ ಹೇಳಲಾರೆ. ಪ್ರಕಾಶಕರಿಗೆ ಹೊಸ ಪುಟ ತೋರಿಸಿದಾಗ ಅವರು ಬಹಳ ಹೊತ್ತು ನೋಡಿ, "ಎಲ್ಲಾ ಸರಿ ಐತ್ರಿ, ಆದ್ರ ಅಕ್ಷರ ಮೊದಲಿನ ಹಾಂಗ ತುಂಬಿಕೊಂಡು ಇಲ್ಲ" ಅಂದರು. ಅದು ಸರಿಯೇ. ಲಾಕ್ ಹಾಕಿ ಮಾರಿದ ಆ ಕಂಪನಿಯ ಪುಸ್ತಕದ ಫಾಂಟು ಚೆನ್ನಾಗಿತ್ತು. ಹನ್ನೆರಡು ಪಾಯಿಂಟಿನಲ್ಲಿ ಉದ್ದದ ಕಾದಂಬರಿ ಓದಿದರೂ ಕಣ್ಣಿಗೆ ಆಯಾಸ ಇಲ್ಲ. ಲಾಕಿನಿಂದ ಬಂದ ದುಡ್ಡಿನಲ್ಲಿ ಸ್ವಲ್ಪವಾದರೂ ಆ ಅಕ್ಷರ ಬರೆದ ಕಲಾವಿದರಿಗೆ ಹೋಗಿರಬೇಕು. ತೆರೆದ ಫಾಂಟುಗಳಲ್ಲಿ ಹಲವು ಪರದೆಗೆ ಅಂತ ಮಾಡಿದವು, ತಲೆಬರಹಕ್ಕೆ ಅಂತ ಮಾಡಿದವು. ಒಳಪುಟಕ್ಕೆ ಹೊಂದುವವು ಕಡಿಮೆ. ಅದೂ ಅಲ್ಲದೆ ಈ ಪಟ್ಟಿಯಲ್ಲಿ ಬಹುತೇಕ ಫಾಂಟುಗಳು ನಮಗೆ ಸಿಗುತ್ತಿರುವುದು ಗೂಗಲ್ ಫಾಂಟ್ಸ್ ಒಂದರಿಂದಲೇ. ಹಳೇ ಕಾಲದಲ್ಲಿ ನಾಲ್ಕಾರು ಕಂಪನಿ ಕನ್ನಡ ಅಕ್ಷರ ಮಾರುತ್ತಿದ್ದವು, ಈಗ ಒಂದು ದೊಡ್ಡ ಕಂಪನಿ ಹಂಚುತ್ತಿದೆ. ಪುಕ್ಕಟೆಗೆ ಹಂಚುವವನ ಎದುರು ಹುಬ್ಬಳ್ಳಿಯ ಒಬ್ಬ ಹುಡುಗ ಹೊಸ ಕನ್ನಡ ಫಾಂಟ್ ಮಾಡಿ ಬೆಲೆ ಇಟ್ಟರೆ ಕೊಳ್ಳುವವರು ಯಾರು? ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೂ ಒಂದು ವ್ಯತ್ಯಾಸ ಇದೆ. ನಾಳೆ ಗೂಗಲ್ ಹಂಚುವುದು ನಿಲ್ಲಿಸಿದರೂ ನನ್ನ ಫೈಲ್ ಓದಲು ಬರುತ್ತದೆ, ಬೇರೆ ಫಾಂಟ್ ಹಚ್ಚಿದರೆ ಆಯಿತು.

ದಾರಿ ತೆರೆದಿದ್ದರೂ ನಡೆಯುವವರು ಒಂದಿಬ್ಬರೇ ಆಗುವುದು ಬೇರೆ ಕಡೆಯೂ ಇದೆ. ನನ್ನ ಕೌಂಟರಿನ ಮೇಲೆ ಇರುವ ಕ್ಯೂಆರ್‌ಗೆ ಯಾವ ಆ್ಯಪಿನಿಂದಲೂ ದುಡ್ಡು ಹಾಕಬಹುದು, ಯುಪಿಐ ಮಾಡಿದ್ದೇ ಹಾಗೆ. ಆದರೂ ಬರುವ ದುಡ್ಡೆಲ್ಲ ಫೋನ್‌ಪೇ ಇಲ್ಲವೇ ಗೂಗಲ್ ಪೇ. ಒಂದು ಆ್ಯಪಿಗೆ ಶೇ 30ಕ್ಕಿಂತ ಹೆಚ್ಚು ಪಾಲು ಇರಬಾರದು ಅಂತ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ 2020ರಲ್ಲೇ ಹೇಳಿತ್ತು. ಗಡುವನ್ನು ಮುಂದೆ ಹಾಕುತ್ತಾ 2024ರಲ್ಲಿ ಅದನ್ನು 2026ರ ಕೊನೆಗೆ ಒಯ್ದರು.

ಇನ್‌ಡಿಸೈನ್ ಬಗ್ಗೆಯೂ ಕೇಳುತ್ತೀರಿ, ಗೊತ್ತು. ಅದೂ ಮುಚ್ಚಿದ ಸಾಫ್ಟ್‌ವೇರೇ. 2013ರಿಂದ ಅದನ್ನು ಮಾಡುವ ಅಡೋಬ್ ಕಂಪನಿ ಹೊಸ ವರ್ಶನ್‌ಗಳನ್ನು ಬಾಡಿಗೆಗೆ ಮಾತ್ರ ಕೊಡುತ್ತದೆ, ಕಟ್ಟುವುದು ನಿಲ್ಲಿಸಿದರೆ ಸಾಫ್ಟ್‌ವೇರ್ ನಿಲ್ಲುತ್ತದೆ. ಪುಟ ಕಟ್ಟುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಸ್ಕ್ರೈಬಸ್ 1.6ರಲ್ಲಿ ಎರಡು ಕವನ ಸಂಕಲನ ಮಾಡಿ ನೋಡಿದೆವು. ಕನ್ನಡ ಸರಿಯಾಗಿ ಕೂತಿತು, ಪ್ರೆಸ್ಸಿನವರಿಗೆ ಪಿಡಿಎಫ್ ಸಿಕ್ಕರೆ ಸಾಕು, ಅವರು ಯಾವುದರಲ್ಲಿ ಮಾಡಿದಿರಿ ಅಂತ ಕೇಳುವುದೂ ಇಲ್ಲ. ದೊಡ್ಡ ಪುಸ್ತಕಕ್ಕೆ ಇನ್ನೂ ಧೈರ್ಯ ಬಂದಿಲ್ಲ. ಸದ್ಯಕ್ಕೆ ಇನ್‌ಡಿಸೈನ್‌ಗೆ ಬಾಡಿಗೆ ಕಟ್ಟುತ್ತಿದ್ದೇನೆ. ಪುಟದ ವಿನ್ಯಾಸ ಅಡೋಬ್‌ನವರ ಹತ್ತಿರ ಇರಬಹುದು, ಪಠ್ಯ ನನ್ನ ಹತ್ತಿರ ಇದೆ.

ವ್ಯಾಪಾರಕ್ಕೆ ಏನಾಯಿತು ಅನ್ನುವುದಕ್ಕೆ ಬರುತ್ತೇನೆ. ಈಗ ಪುಸ್ತಕ ಮುಗಿದ ಮೇಲೆ ಪ್ರಕಾಶಕರಿಗೆ ಪಿಡಿಎಫ್ ಜೊತೆ ಯೂನಿಕೋಡ್ ಪಠ್ಯವನ್ನೂ ಕೊಡುತ್ತೇನೆ. ಅದನ್ನು ತಗೊಂಡು ಒಬ್ಬರು ಹೋದರು, ನಿಜ. ಧಾರವಾಡದಲ್ಲಿ ಕಡಿಮೆ ರೇಟಿಗೆ ಸಿಕ್ಕಿತಂತೆ. ಮರುಮುದ್ರಣದ ತಿದ್ದುಪಡಿಗೆ ಮೊದಲಿನ ರೇಟು ಈಗ ಯಾರೂ ಕೊಡುವುದಿಲ್ಲ, ಕೇಳಲು ನನಗೂ ಬಾಯಿ ಬರುವುದಿಲ್ಲ. ಬದಲಿಗೆ ಬೇರೆ ಕೆಲಸ ಬಂತು. ಹಳೇ ಫೈಲ್ ಕನ್ವರ್ಟ್ ಮಾಡಿಕೊಡಿ ಅಂತ ಬೇರೆ ಊರಿನವರು ಬರುತ್ತಾರೆ. ಇ-ಬುಕ್ ನಾವೇ ಮಾಡುತ್ತೇವೆ. ಎದುರಿನ ಅಂಗಡಿಯ ಅಣ್ಣನಿಗೆ ನನ್ನ ಮೇಲೆ ಸಿಟ್ಟು. "ಫೈಲ್ ಯಾಕ ಕೊಡ್ತೀ? ನೀ ಕೊಟ್ಟೀ ಅಂತ ನನ್ನ ಹತ್ರಾನೂ ಎಲ್ಲಾರೂ ಕೇಳಾಕತ್ಯಾರ" ಅಂತಾನೆ. ಕೇಳಲಿ ಬಿಡು ಅಣ್ಣಾ ಅಂದೆ. ಅವನು ಇನ್ನೂ ಕೊಡುತ್ತಿಲ್ಲ, ಆದರೆ ಮೊನ್ನೆ ಅವನ ಆಪರೇಟರ್ ಬಂದು ನಮ್ಮ ಹುಡುಗಿಯ ಹತ್ತಿರ ಆ ಎಕ್ಸೆಲ್ ಪಟ್ಟಿ ಕೇಳಿಕೊಂಡು ಹೋಗಿದ್ದಾನೆ. ಕೊಟ್ಟಿದ್ದಾಳೆ.

ಬಾಕಿ ಇರುವುದು ಗಣಿತದ ಗೈಡುಗಳು. ಅವುಗಳಲ್ಲಿ ಭಿನ್ನರಾಶಿ, ವರ್ಗಮೂಲ ಎಲ್ಲವನ್ನೂ ಬೇರೆ ಬೇರೆ ಚಿಹ್ನೆ ಫಾಂಟುಗಳ ತುಂಡುಗಳಲ್ಲಿ ಕಟ್ಟಿದ್ದೇವೆ, ಗೆರೆಗಳನ್ನು ಕೈಯಿಂದ ಎಳೆದಿದ್ದೇವೆ. ಅದಕ್ಕೆ ಯಾವ ಸ್ಕ್ರಿಪ್ಟೂ ನಡೆಯುವುದಿಲ್ಲ, ಮತ್ತೆ ಟೈಪ್ ಮಾಡುವುದೇ ಗತಿ. ಯಾರಾದರೂ ಇದನ್ನು ಬೇರೆ ಥರ ಬಗೆಹರಿಸಿಕೊಂಡಿದ್ದರೆ ಹೇಳಿ. ಆ ಎಕ್ಸ್‌ಪಿ ಮಷೀನನ್ನು ಅಲ್ಲಿಯವರೆಗೆ ತೆಗೆಯುವ ಹಾಗಿಲ್ಲ.